ಸೌಟು ಬಿದ್ದ ಸದ್ದು

ದೆವ್ವ, ಗಾಳಿ, ಶಕುನ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಸಂಗತಿ ಹೇಳಲು ಶುರುಮಾಡಿದರೆ ನಡುವೆಯೇ ಬಾಯಿ ಹಾಕಿ, "ಆಗ ನೀವು ಪೂರ್ತಿ ಎಚ್ಚರವಾಗಿದ್ದಿರಾ?" ಎಂದು ಕೇಳುವುದು ನನ್ನ ಚಾಳಿ. ಎಷ್ಟೋ ಜನ ಈ ಪ್ರಶ್ನೆಗೆ ಮುಖ ಸಣ್ಣ ಮಾಡಿಕೊಂಡು ಮಾತು ಬದಲಿಸಿದ್ದಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸದೆ ಸಹಿ ಹಾಕುವವಳಲ್ಲ. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಮದುವೆ ಮುರಿದು ಕಲಬುರಗಿಯ ಅಣ್ಣನ ಮನೆ ಸೇರಿದ್ದೆ. ಅಲ್ಲಿ ಊಟ ಬಟ್ಟೆಗೆ ಕೊರತೆ ಇರಲಿಲ್ಲ. ಆದರೆ ನಾನು ಒಳಗೆ ಬಂದರೆ ಅತ್ತಿಗೆಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಕೂಡಲೇ ಹೈದರಾಬಾದಿಗೆ ಬಂದು ಕೂಕಟ್‌ಪಲ್ಲಿಯ ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮನೆ ಹಿಡಿದೆ. ಕೆಲಸ ಕಾಂಟ್ರಾಕ್ಟಿನದು. ಅದು ಹೋದರೆ ಮತ್ತೆ ಅಣ್ಣನ ಮನೆಯೇ ಗತಿ. ಸತ್ತರೂ ಅಲ್ಲಿಗೆ ಹಿಂದಿರುಗಬಾರದು ಎಂದುಕೊಂಡಿದ್ದೆ.

ನನ್ನ ಶತ್ರು ನಿದ್ದೆ. ಮದುವೆ ಮುರಿದ ದಿನಗಳಿಂದ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಬಿಸಿ ಹಾಲು, ಗಸಗಸೆ ಪಾಯಸ, ಅಂಗಾಲಿಗೆ ಎಣ್ಣೆ, ಎಲ್ಲ ಆಯಿತು. ಪಾಯಸದಿಂದ ಮೈ ತೂಕ ಹೆಚ್ಚಿತೇ ಹೊರತು ನಿದ್ದೆ ಬರಲಿಲ್ಲ. ಸುತ್ತುವ ಫ್ಯಾನು ನೋಡುತ್ತ, ಇಷ್ಟು ಹೊತ್ತಾಯಿತು, ಇನ್ನು ಇಷ್ಟೇ ಹೊತ್ತು ಉಳಿಯಿತು ಎಂದು ಲೆಕ್ಕ ಹಾಕುತ್ತ ಮಲಗಿರುವುದು. ಏಳುವ ಹೊತ್ತು ಹತ್ತಿರ ಬಂತೆನ್ನುವಾಗ ಎಲ್ಲಿತ್ತೋ ಆ ನಿದ್ದೆ, ಬಂದು ಮೇಲೆ ಬೀಳುತ್ತಿತ್ತು. ಮೊಬೈಲಿನ ಅಲಾರಂ ನನ್ನ ಪಾಲಿಗೆ ಇದ್ದೂ ಇಲ್ಲದಂತೆ. ಅಲಮಾರಿಯ ಮೇಲಿಟ್ಟರೂ ಎದ್ದು ಹೋಗಿ ಆರಿಸಿ ಬಂದು ಮಲಗುತ್ತಿದ್ದೆ. ಆರಿಸಿದ್ದು ಮಾತ್ರ ನೆನಪಿರುತ್ತಿರಲಿಲ್ಲ.

ಹೀಗಿರುವಾಗ ನನ್ನನ್ನು ಮೊದಲ ಶಿಫ್ಟಿಗೆ ಹಾಕಿದರು. ನಸುಕಿನಲ್ಲಿ ಮೆಟ್ರೋ ನಿಲ್ದಾಣದ ಹತ್ತಿರ ಕಂಪನಿಯ ಬಸ್ ಬರುತ್ತಿತ್ತು. ಅದನ್ನು ತಪ್ಪಿಸಿಕೊಂಡು, ಆಟೋ ಹಿಡಿದು, ತಡವಾಗಿ ಗೇಟು ಮುಟ್ಟುವುದು ಮಾಮೂಲಾಯಿತು. ಮ್ಯಾನೇಜರು ಒಳ್ಳೆಯ ಮನುಷ್ಯನೇ. ಅವನೂ ಕೊನೆಗೆ, ಇನ್ನೊಂದು ಸಲ ತಡವಾದರೆ ಕಾಂಟ್ರಾಕ್ಟ್ ಮುಂದುವರಿಸಲು ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದ.

ನನ್ನನ್ನು ಉಳಿಸಿದವರು ಪಕ್ಕದ ಮನೆಯ ಕಮಲಾಬಾಯಿ. ರಾಯಚೂರಿನವರು. ಗಂಡ ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡ ಮೇಲೂ ಇಲ್ಲೇ ಒಬ್ಬರೇ ಇದ್ದರು. ತರಕಾರಿಯವನೊಡನೆ ಹಿಂದಿ, ವಾಚ್‌ಮನ್ ಯಾದಯ್ಯನೊಡನೆ ತೆಲುಗು, ನನ್ನೊಡನೆ ಕನ್ನಡ. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಅವರ ಮನೆಗೆ ಹೋಗಬೇಕಾದರೆ ಕೆಳಗಿಳಿದು ಕಟ್ಟಡದ ಆ ಬದಿಯ ಮೆಟ್ಟಿಲು ಹತ್ತಬೇಕು. ಆದರೆ ನಮ್ಮಿಬ್ಬರ ಅಡುಗೆಮನೆಗೆ ಇದ್ದದ್ದು ಒಂದೇ ಗೋಡೆ.

ನಮ್ಮ ಕಟ್ಟಡದಲ್ಲಿ ಒಂದು ಪದ್ಧತಿ ಇತ್ತು. ಕುಡಿಯುವ ಮಂಜೀರಾ ನದಿಯ ನೀರು ದಿನ ಬಿಟ್ಟು ದಿನ ನಸುಕಿನಲ್ಲಿ ಕೆಳಗಿನ ನಲ್ಲಿಗೆ ಬರುತ್ತಿತ್ತು. ಮೊದಲು ಎದ್ದವರು ಪಕ್ಕದ ಮನೆಯ ಗೋಡೆ ಬಡಿಯಬೇಕು. ಆ ಕಡೆಯಿಂದ ಉತ್ತರ ಬರುವವರೆಗೆ ಬಡಿಯುತ್ತಿರಬೇಕು. ಉತ್ತರ ಬಂದ ಮೇಲೆ, ಕೇಳಿಸಿತು ಎನ್ನುವುದಕ್ಕೆ ಕೊನೆಯದಾಗಿ ಒಂದೇ ಒಂದು ಏಟು. ಆಮೇಲೆ ಕೊಡ ಹಿಡಿದು ಕೆಳಗಿಳಿಯಬೇಕು. ಕಮಲಾಬಾಯಿ ಲಟ್ಟಣಿಗೆಯಿಂದ ಬಡಿಯುತ್ತಿದ್ದರು. ನಾನು ಗೋಡೆಯ ಮೊಳೆಗೆ ತೂಗುಹಾಕಿದ ಸೌಟಿನಿಂದ ಉತ್ತರ ಕೊಡುತ್ತಿದ್ದೆ.

ಮ್ಯಾನೇಜರು ಹೇಳಿದ ದಿನವೇ ಅವರ ಮನೆಗೆ ಹೋದೆ. "ನೀರು ಬರಲಾರದ ದಿನಾನೂ ಬಡೀರಿ ಕಾಕು. ನನ್ನ ನೌಕರಿ ನಿಮ್ಮ ಕೈಯಾಗೈತಿ," ಎಂದೆ.

"ಬಡೀತೀನಿ. ಆದ್ರ ನೀ ಉತ್ತರ ಕೊಡೋತನಕ ಬಿಡಂಗಿಲ್ಲ ನೋಡು. ಕೆಳಗಿನ ಮಂದಿ ಬೈದರ ನಿನ್ನ ಹೆಸರ ಹೇಳ್ತೀನಿ," ಎಂದು ನಕ್ಕರು.

ಮರುದಿನದಿಂದಲೇ ಶುರುವಾಯಿತು. ಉತ್ತರ ಕೊಡಬೇಕೆಂದರೆ ಹಾಸಿಗೆ ಬಿಟ್ಟು ಅಡುಗೆಮನೆಗೆ ನಡೆಯಲೇಬೇಕು. ಅಲ್ಲಿಗೆ ಹೋದ ಮೇಲೆ ಚಹಾಕ್ಕೆ ಇಡದೆ ವಾಪಸು ಬರುವುದುಂಟೇ? ಬಸ್ ತಪ್ಪುವುದು ನಿಂತಿತು. ಅದಕ್ಕಿಂತ ಸೋಜಿಗವೆಂದರೆ ರಾತ್ರಿಯ ನಿದ್ದೆಯೂ ಬಂತು. ಬೆಳಿಗ್ಗೆ ಎಬ್ಬಿಸಲು ಒಬ್ಬರಿದ್ದಾರೆ ಎನ್ನುವ ಧೈರ್ಯಕ್ಕೆ ಇಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಅಲಾರಂ ಇಡುವುದನ್ನೇ ಬಿಟ್ಟೆ. ಮೊಬೈಲನ್ನು ಸದ್ದು ತೆಗೆದು ಹೊರಗಿನ ಕೋಣೆಯಲ್ಲಿಟ್ಟು ಮಲಗತೊಡಗಿದೆ.

ಇನ್ನು ಆ ದಿನದ ಸಂಗತಿ. ಹಿಂದಿನ ಸಂಜೆ ಶಿಫ್ಟು ಮುಗಿಸಿ ಕೋಠಿಯ ಪೇಟೆಗೆ ಹೋಗಿದ್ದೆ. ಬೆಡ್‌ಶೀಟು ಕೊಂಡು, ಬಸ್ಸಿನಲ್ಲಿ ನಿಂತೇ ಬಂದು ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಯಾದಯ್ಯ ಗೇಟಿನ ಹತ್ತಿರ ಇರಲಿಲ್ಲ. ಮೊಸರನ್ನ ಉಂಡು, ಮೊಬೈಲ್ ಹೊರಗಿಟ್ಟು, ಹೊಸ ಬೆಡ್‌ಶೀಟು ಹಾಸಿ ಮಲಗಿದ್ದಷ್ಟೇ ಗೊತ್ತು. ಅಂಥ ನಿದ್ದೆ ವರ್ಷಗಳಲ್ಲಿ ಬಂದಿರಲಿಲ್ಲ.

ನಸುಕಿನಲ್ಲಿ ಗೋಡೆ ಬಡಿಯುವ ಸದ್ದಿಗೆ ಎಚ್ಚರವಾಯಿತು. ಕೇಳಿಯೂ ಸ್ವಲ್ಪ ಹೊತ್ತು ಮಲಗಿಯೇ ಇದ್ದೆ. ಸದ್ದು ನಿಲ್ಲಲಿಲ್ಲ. ಎದ್ದು ಹೋಗಿ ದೀಪ ಹಾಕಿ, ಸೌಟು ತೆಗೆದು ಉತ್ತರ ಕೊಟ್ಟೆ. ನಿದ್ದೆಯ ಕೈ, ಸೌಟು ಜಾರಿತು. ಒಲೆಕಟ್ಟೆಗೆ ಬಡಿದು, ತೊಳೆದಿಟ್ಟ ಪಾತ್ರೆಗಳ ಮೇಲೆ ಬಿದ್ದು, ಒಂದೆರಡನ್ನು ಜೊತೆಗೆ ಕರೆದುಕೊಂಡು ನೆಲಕ್ಕೆ ಉರುಳಿತು. ಕೆಳಗಿನ ಮನೆಯವರು ಎದ್ದರೇನೋ ಎಂದು ನಾಲಿಗೆ ಕಚ್ಚಿಕೊಂಡು ನಿಂತೆ. ಆ ಕಡೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಎಂದಿನಂತೆ ಒಂದೇ ಏಟು ಕೇಳಿಸಿತು. ಚಹಾ ಕುಡಿದು, ಸ್ನಾನ ಮಾಡಿ, ಬಸ್ ಹತ್ತಿದೆ. ಅಂದು ಕಾರ್ಖಾನೆಯಲ್ಲಿ ತಪಾಸಣೆಯವರು ಬರುವುದಿತ್ತು. ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ ಮ್ಯಾನೇಜರು ನನ್ನನ್ನು ನೋಡಿ ಸಮಾಧಾನದಿಂದ ತಲೆ ಆಡಿಸಿದ.

ಮಧ್ಯಾಹ್ನ ಹಿಂದಿರುಗುವಾಗ ಕಾಕುವಿಗೆಂದು ಜಿಲೇಬಿ ಕಟ್ಟಿಸಿಕೊಂಡು ನೇರವಾಗಿ ಆ ಬದಿಯ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ. ಕೆಳಗೆ ಯಾದಯ್ಯ ನನ್ನ ಮುಖ ನೋಡಿದವನೇ ಹಣೆ ಚಚ್ಚಿಕೊಂಡ. "ಅಮ್ಮ ನಿನ್ನನೇ ಊರಿಕಿ ಪೋಯಿಂದಿ ಮೇಡಂ," ಎಂದ. ನಿನ್ನೆ ಮಧ್ಯಾಹ್ನವೇ ಊರಿಗೆ, ರಾಯಚೂರಿನ ಮಗಳ ಮನೆಗೆ ಹೋಗಿದ್ದರು. ನನಗೆ ಹೇಳಲು ತಿಳಿಸಿದ್ದರಂತೆ, ಅವನು ಮರೆತಿದ್ದ. ಕೀಲಿ ಅವರೇ ಒಯ್ದಿದ್ದರು. ಒಳಗೆ ಇನ್ನಾರೂ ಇರಲಿಲ್ಲ.

ನೀರಿನ ಪೈಪು ಬಡಿದಿರಬೇಕು ಎಂದುಕೊಂಡೆ. ಆ ಗೋಡೆಯಲ್ಲಿ ಪೈಪೇ ಇಲ್ಲ. ಕನಸಿರಬೇಕು ಎಂದುಕೊಂಡೆ. ಅಡುಗೆಮನೆಯ ನೆಲದಲ್ಲಿ ಒಂದು ಲೋಟ ಇನ್ನೂ ಮೂಲೆಯಲ್ಲಿ ಬಿದ್ದಿತ್ತು, ಅದರ ಅಂಚು ನೆಗ್ಗಿತ್ತು. ಮೊಬೈಲ್ ತೆಗೆದು ನೋಡಿದರೆ ರಾತ್ರಿಯೆಲ್ಲ ಕಮಲಾಬಾಯಿಯ ಕರೆಗಳು. ಬೆಳಗಿನ ಗಡಿಬಿಡಿಯಲ್ಲಿ ಅದನ್ನು ನೋಡದೆ ಚೀಲಕ್ಕೆ ಹಾಕಿದ್ದೆ, ಲ್ಯಾಬಿನಲ್ಲಿ ಫೋನ್ ತೆಗೆಯುವಂತಿರಲಿಲ್ಲ. ಕೂಡಲೇ ಫೋನ್ ಮಾಡಿದೆ.

ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು. "ಬಸ್ ಸಿಕ್ತೇನ ಯವ್ವಾ?"

"ಸಿಕ್ತು ಕಾಕು. ನೀವು ಯಾವಾಗ ಹೋದ್ರಿ?"

"ಮಗಳಿಗೆ ಹೆರಿಗಿ ಬ್ಯಾನಿ ಶುರು ಆಗ್ಯಾವಂತ ಫೋನ್ ಬಂತು, ಉಟ್ಟ ಸೀರ್ಯಾಗ ಹೊಂಟ ಬಂದೆ. ದವಾಖಾನ್ಯಾಗ ಅಳಿಯ ಇದ್ದ, ನಾ ಮನ್ಯಾಗ ಮೊಮ್ಮಗಳನ್ನ ಮಲಗಿಸ್ಕೊಂಡು ಇದ್ದೆ. ಯಾದಯ್ಯ ಹೇಳಿದನೋ ಇಲ್ಲೋ ಅಂತ ನಿನಗ ಫೋನ್ ಮ್ಯಾಲ ಫೋನ್ ಮಾಡೀನಿ. ನೀ ಎತ್ತಲೇ ಇಲ್ಲ. ಹುಡುಗಿ ನೌಕರಿ ನನ್ನಿಂದ ಹೋಗತೈತಿ ಅಂತ ರಾತ್ರಿ ಪೂರಾ ಕಣ್ಣ ಹತ್ತಲಿಲ್ಲ ನನಗ."

ನನ್ನ ನಿದ್ದೆಗೇಡನ್ನು ಆ ಒಂದು ರಾತ್ರಿ ಅವರು ಹೊತ್ತಿದ್ದರು. ಅವರೇ ಮುಂದುವರಿಸಿದರು.

"ಹುಚ್ಚಿ ಅಂತಿ ನೀ. ಟೈಮ್ ಆತು, ತಡಕೊಳ್ಳಾಕ ಆಗಲಿಲ್ಲ. ಮಗಳ ಅಡಗಿಮನಿಗೆ ಹೋಗಿ ಲಟ್ಟಣಿಗಿ ತಗೊಂಡು ಗ್ವಾಡಿ ಬಡದೆ."

"ಆಮ್ಯಾಲ?"

"ಆಮ್ಯಾಲ ಏನು, ನೀ ಉತ್ತರ ಕೊಟ್ಟಿಯಲ್ಲ. ಒಂದ ಏಟ ಹಾಕಿ ಹೋಗಿ ಮಲಕೊಂಡೆ." ಹಾಲು ಕಾಯಿಸಿದೆ ಎನ್ನುವ ಹಾಗೆ ಹೇಳಿದರು. ಬಳಿಕ ಏನೋ ನೆನಪಾದಂತೆ ಕೇಳಿದರು. "ಅಲ್ಲ, ಸೌಟ ಬಿತ್ತಲ್ಲ, ಕಾಲ ಮ್ಯಾಲ ಬೀಳಲಿಲ್ಲ ಹೌದಿಲ್ಲೋ?"

ಸೌಟು ಬಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೂಸಿನ ನಾಮಕರಣಕ್ಕೆ ರಾಯಚೂರಿಗೆ ಹೋದಾಗ ಕಾಕು ಬಡಿದ ಆ ಗೋಡೆ ನೋಡಿದೆ. ಆಚೆ ಮನೆಯಿಲ್ಲ. ಖಾಲಿ ನಿವೇಶನ, ಜಾಲಿ ಗಿಡ, ಒಡೆದ ಇಟ್ಟಿಗೆ ಇಷ್ಟೇ. ನನ್ನ ಲ್ಯಾಬಿನ ಬುದ್ಧಿ ಸುಮ್ಮನಿರದೆ, ಇನ್ನೊಮ್ಮೆ ಇಲ್ಲಿಂದ ಬಡಿದು ನೋಡಿ ಎಂದು ಕಾಕುವನ್ನು ಕೇಳಿದೆ. ಅವರು ಒಪ್ಪಲಿಲ್ಲ. "ಎದ್ದಿ, ಬಸ್ ಹತ್ತಿದಿ. ಇನ್ನೇನ ಬೇಕು ನಿನಗ?" ಎಂದು ಕೂಸನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದರು.

ನನ್ನ ಕೆಲಸ ಉಳಿಯಿತು, ಮುಂದೆ ಕಾಯಂ ಆಯಿತು. ಕಮಲಾಬಾಯಿ ಈಗ ಮಗಳ ಹತ್ತಿರವೇ ಇದ್ದಾರೆ. ಗೋಡೆಯ ಆಚೆ ಹೊಸ ಸಂಸಾರ ಬಂದಿದೆ, ಅವರು ಗೋಡೆ ಬಡಿಯುವವರಲ್ಲ. ಅಂದು ಇಲ್ಲಿ ನನ್ನ ಗೋಡೆ ಬಡಿದವರು ಯಾರು, ಅಲ್ಲಿ ರಾಯಚೂರಿನಲ್ಲಿ ಉತ್ತರ ಕೊಟ್ಟವರು ಯಾರು ಎನ್ನುವುದಕ್ಕೆ ನನ್ನ ಬಳಿ ಇಂದಿಗೂ ವಿವರಣೆ ಇಲ್ಲ. ಆಗ ನೀವು ಪೂರ್ತಿ ಎಚ್ಚರವಾಗಿದ್ದಿರಾ ಎಂದು ನೀವು ಕೇಳಬಹುದು. ನೆಗ್ಗಿದ ಲೋಟದಲ್ಲೇ ದಿನವೂ ಚಹಾ ಕುಡಿಯುತ್ತೇನೆ. ಸೌಟು ಮಾತ್ರ ಅಡುಗೆಗೆ ಬಳಸುವುದಿಲ್ಲ. ಅದು ಆ ಮೊಳೆಗೇ ತೂಗುತ್ತಿರುತ್ತದೆ, ಕಾಕು ಬಡಿದರೆ ಕೈಗೆ ಸಿಗಬೇಕಲ್ಲ.