ಮುಗಿಯದ ಊರನ್ನು ಮೇಲಿನಿಂದ ನೋಡಿದ್ದು

ರೈಲು ಹಳಿ ತಪ್ಪಬಹುದಿತ್ತು. ಎಂಜಿನ್ನಿನ ಕಲ್ಲಿದ್ದಲ ಕಿಡಿ ಕಣ್ಣಿಗೆ ಬೀಳಬಹುದಿತ್ತು. ನಾಂಪಲ್ಲಿ ಸ್ಟೇಷನ್ನಿನ ಗದ್ದಲದಲ್ಲಿ ಹೆಂಡತಿ ಕಳೆದುಹೋಗಬಹುದಿತ್ತು; ಅವಳಿಗಿಂತ ಮೊದಲು ನಾನೇ ಕಳೆದುಹೋಗಬಹುದಿತ್ತು. ಹೋಟೆಲಿನ ನೀರಿಗೆ ಹೊಟ್ಟೆ ಕೆಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎತ್ತರದಿಂದ ಯಾರಾದರೂ ಬೀಳಬಹುದಿತ್ತು. ಯಾರಾದರೂ ಎಂದರೆ ನಾನು.

ಎತ್ತರದ ಮಾತು ತೆಗೆದವಳು ಹೆಂಡತಿ ನೀಲಮ್ಮ. ಚಿತ್ತಾಪುರದ ನಮ್ಮ ಮಾಳಿಗೆ ಹತ್ತಿದರೆ ನಾಲ್ಕೂ ಕಡೆ ಊರು ಮುಗಿದು ತೊಗರಿ ಹೊಲ ಶುರುವಾಗುವುದು ಕಾಣುತ್ತದೆ. "ಮುಗೀಲಾರದ ಊರು ಒಮ್ಮೆ ಮ್ಯಾಲಿಂದ ನೋಡಬೇಕು" ಎಂಬುದು ಮದುವೆಯಾದಾಗಿನಿಂದ ಅವಳ ಆಸೆ. ಬಿಸಿಲು, ಮಳೆ, ಶಾಲೆಯ ಪರೀಕ್ಷೆ ಎಂದು ನಾನು ಮುಂದೂಡುತ್ತ ಬಂದಿದ್ದೆ. ಈ ವರ್ಷ ಅವಳ ಮೊಣಕಾಲು ನೋಯತೊಡಗಿತು. "ಇನ್ನ ಸ್ವಲ್ಪ ದಿವಸಕ್ಕ ನಮ್ಮ ಮಾಳಿಗಿನೂ ಏರಲಿಕ್ಕ ಆಗಂಗಿಲ್ಲ ನನಗ" ಎಂದಳು. ಹೊರಟೆವು.

ಬೆಳಗಿನ ಪ್ಯಾಸೆಂಜರಿನಲ್ಲಿ ಎದುರಿಗೆ ಕುಳಿತವರು ನೆಲಕ್ಕೆ ಹಾಸುವ ಶಹಾಬಾದದ ಫರ್ಸಿಕಲ್ಲಿನ ವ್ಯಾಪಾರಿ ಖಾಜಾಸಾಬರು. ಚಾರ್ ಮಿನಾರ್ ಏರುತ್ತೇವೆ ಎಂದೆ.

"ಏರ್ರಿ ಮಾಸ್ತರ, ಬ್ಯಾಡ ಅನ್ನಂಗಿಲ್ಲ. ಖರೆ, ಅದರ ಮ್ಯಾಲ ನಿಂತರ ಚಾರ್ ಮಿನಾರ್ ಎಲ್ಲಿ ಕಾಣಬೇಕ್ರಿ? ಗೋಲ್ಕೊಂಡಾ ಏರ್ರಿ. ಅಲ್ಲಿ ಒಂದು ಮಜಾ ಅದ. ಕೆಳಗ ಬಾಗಲದಾಗ ಚಪ್ಪಾಳಿ ಹೊಡದ್ರ ಕಿಲ್ಲೇದ ನೆತ್ತಿಗೆ ಕೇಳಸ್ತದ!"

ಅಲ್ಲಿಯೇ ನನಗೆ ಉಪಾಯ ಹೊಳೆಯಿತು.

ಆದರೂ ಮೊದಲು ಚಾರ್ ಮಿನಾರಿಗೆ ಹೋದೆವು. ಕತ್ತಲೆಯ ಸುತ್ತುಮೆಟ್ಟಿಲಲ್ಲಿ ಇಣುಕಿ, ಗದ್ದಲ ಭಾಳ ಅದ ಎಂದೆ. ನೌಬತ್ ಪಹಾಡ ಎಂಬ ಗುಡ್ಡದ ಬುಡದಲ್ಲಿ ನಿಂತು, ಬಿಸಿಲು ಭಾಳ ಅದ ಎಂದೆ. "ಮುಂಜಾನಿಂದ ಊರು ಕೆಳಗಿಂದನೇ ನೋಡ್ಲಿಕತ್ತೀವಿ" ಎಂದಳು ನೀಲಮ್ಮ.

ಮಧ್ಯಾಹ್ನ ಗೋಲ್ಕೊಂಡಾದ ಬಾಗಿಲಲ್ಲಿ ನನ್ನ ಏರ್ಪಾಡು ತಿಳಿಸಿದೆ. "ಆ ಹೆಣ್ಮಕ್ಕಳ ಹಿಂದ ನೀ ಏರು. ನಾ ರೊಟ್ಟಿ ಗಂಟು ಕಾಯ್ತೀನಿ. ನನಗ ಏನರೆ ಆದ್ರ ಮೂರು ಸಲ ಚಪ್ಪಾಳಿ ಹೊಡೀತೀನಿ."

"ಏರಾಕಿ ನಾನು, ನಿಮಗೇನಾಗ್ತದ್ರೀ?"

"ಹೇಳಲಿಕ್ಕ ಬರ್ತದೇನು?"

ಅವಳು ಹೋದಳು. ನೆರಳಿನಲ್ಲಿ ಕುಳಿತು ಶೇಂಗಾ ಸುಲಿದು ತಿನ್ನತೊಡಗಿದೆ. ಗೈಡ್ ಒಬ್ಬ ಪ್ರವಾಸಿಗರನ್ನು ಕರೆತಂದು ಬಾಗಿಲ ಗುಮ್ಮಟದ ಕೆಳಗೆ ಚಪ್ಪಾಳೆ ಹೊಡೆದ. ಒಂದು, ಎರಡು, ಮೂರು. ಆಮೇಲೆ ಗುಂಪಿನವರೆಲ್ಲ ಹೊಡೆದರು. ಜನ ಎಷ್ಟು ಖುಷಿಯಾಗಿದ್ದಾರೆ ಎಂದುಕೊಂಡೆ.

ತುಸು ಹೊತ್ತಿಗೆ ನೀಲಮ್ಮ ಸೀರೆ ಎತ್ತಿಕಟ್ಟಿ, ಕುಂಟುತ್ತ, ಬೆವರುತ್ತ ಇಳಿದು ಬಂದಳು. "ಏನಾತ್ರೀ? ಎದಿ ನೋವೇನು?"

ನನ್ನ ಬಾಯಿ ತುಂಬ ಶೇಂಗಾ. ಅಷ್ಟರಲ್ಲಿ ಗೈಡ್ ಇನ್ನೊಂದು ಗುಂಪಿಗಾಗಿ ಮತ್ತೆ ಚಪ್ಪಾಳೆ ಹೊಡೆದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು.

ನೆತ್ತಿಗೆ ಇನ್ನೇನು ತಲುಪುವವಳಿದ್ದಳಂತೆ. ಮೇಲೆ ಹೋದಮೇಲೆಯೇ ಊರು ನೋಡಬೇಕೆಂದು ಒಮ್ಮೆಯೂ ಹಿಂದೆ ತಿರುಗಿರಲಿಲ್ಲವಂತೆ. ಬೈಯದೆ ಕಟ್ಟೆಯ ಮೇಲೆ ಕುಳಿತು ಮೊಣಕಾಲು ನೀವಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊತ್ತು ವಾಲುತ್ತಿತ್ತು, ಸಂಜೆಯ ಗಾಡಿ ಹಿಡಿಯಬೇಕಿತ್ತು.

"ಏಳು, ನನ್ನ ಹೆಗಲ ಹಿಡಿ" ಎಂದೆ.

"ನೀವು? ಮ್ಯಾಲ?"

"ಕೆಳಗ ಕುಂತ್ರ ಮತ್ತ ಯಾರರೆ ಚಪ್ಪಾಳಿ ಹೊಡೀತಾರ."

ಮೆಟ್ಟಿಲು ಬಿಟ್ಟು ಬೇರೇನನ್ನೂ ನೋಡದೆ ಏರಿದೆ. ನೆತ್ತಿಯಲ್ಲಿ ಗಾಳಿಯೋ ಗಾಳಿ. ನೀಲಮ್ಮ ನೇರವಾಗಿ ಗೋಡೆಯ ಹತ್ತಿರ ಹೋದಳು. ಅವಳ ಸೆರಗು ಹಿಡಿದು, ಕಣ್ಣು ಮುಚ್ಚಿ ಹಿಂದೆ ನಿಂತೆ.

"ಅಯ್ಯ, ನೋಡ್ರಿ! ಮುಗಿಯಂಗೇ ಇಲ್ಲ!"

ಒಂದು ಕಣ್ಣು ತೆರೆದೆ. ಗುಮ್ಮಟಗಳು, ಒಂದು ಕೆರೆ, ಒಲೆಗಳ ಹೊಗೆ, ಮಾಳಿಗೆಗಳ ಆಚೆ ಮತ್ತೆ ಮಾಳಿಗೆಗಳು. ಇನ್ನೊಂದು ಕಣ್ಣನ್ನೂ ತೆರೆದೆ. ದೂರದಲ್ಲಿ ಚಾರ್ ಮಿನಾರ್ ಬುಡಮೇಲು ಮಾಡಿಟ್ಟ ಪುಟ್ಟ ಮಣೆಯಂತಿತ್ತು. ಅವಳು ಎಲ್ಲವನ್ನೂ ಬೆರಳು ಮಾಡಿ ತೋರಿಸಿದಳು. ಹೊತ್ತಾಯಿತೆಂದು ನಾನು ಒಮ್ಮೆಯೂ ಹೇಳಲಿಲ್ಲ.

ಸಂಜೆಯ ಗಾಡಿ ಸಿಕ್ಕಿತು, ಕೂಡಲು ಜಾಗವೂ ಸಿಕ್ಕಿತು. ತಾಂಡೂರು ದಾಟಿದ ಮೇಲೆ ನೀಲಮ್ಮ ಹೊಸ ಇಳಕಲ್ ಸೀರೆಯ ಸೆರಗು ಬಿಡಿಸಿದಳು. ಅಂಗೈಯಗಲ ಹರಿದಿತ್ತು.

"ಇಷ್ಟು ಗಟ್ಟಿ ಯಾಕ ಹಿಡದಿದ್ರೀ?"

"ನೀ ಬೀಳಬಾರದಂತ."

"ಗ್ವಾಡಿ ನನ್ನ ಎದಿಮಟ ಇತ್ತಲ್ರೀ!" ಎಂದು, ಹರಕಿನಲ್ಲಿ ಬೆರಳು ತೂರಿಸಿ ನನಗೆ ತೋರಿಸುತ್ತ, ಸೇಡಂ ಬರುವವರೆಗೂ ನಕ್ಕಳು.