ಮೂರು ಗಂಟೆಯ ಭೋಂಗಾ

೧೯೩೭ರ ಚುನಾವಣೆಯ ಹೊತ್ತಿಗೆ ನಾನು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹಾಜರಿ ಬರೆಯುತ್ತಿದ್ದೆ. ಗಿರಣಿಯ ಭೋಂಗಾ, ಅಂದರೆ ಸೈರನ್, ಕೂಗಿದ ಹೊತ್ತನ್ನು ದಿನವೂ ಡೈರಿಯಲ್ಲಿ ಗುರುತು ಹಾಕುವುದು ನನ್ನದೇ ಹುಚ್ಚು, ಯಾರೂ ಹೇಳಿದ್ದಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು ಕೂಗು, ಸಂಜೆ ಆರಕ್ಕೆ ಒಂದು. ಎರಡನೆಯ ಕೂಗಿಗೆ ಅಕ್ಕಿ ಹಸನು ಮಾಡುವ ಹೆಂಗಸರು ಮೊರ ಕೆಳಗಿಟ್ಟು ಏಳುತ್ತಿದ್ದರು. ಅವರ ದಿನ ಮುಗಿಯುತ್ತಿದ್ದುದು ಗಡಿಯಾರದಿಂದಲ್ಲ, ಆ ಕೂಗಿನಿಂದ.

ಗಿರಣಿಗೆ ಇಬ್ಬರು ಪಾಲುದಾರರು. ಊರಿನ ಸಾಹುಕಾರರು ವಹಿವಾಟು ನೋಡುತ್ತಿದ್ದರು. ಸವಣೂರಿನ ಸಾಹೇಬರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಸಾಹುಕಾರರ ಬೀಗರು ಚುನಾವಣೆಗೆ ನಿಂತಿದ್ದರು. ಆಗ ಆಸ್ತಿಯೋ ಓದೋ ಇದ್ದವರಿಗಷ್ಟೇ ಓಟು. ಸಂತೆಯ ದಿನ ಗಿರಣಿಯ ಮುಂದೆ ಅವರ ಸಭೆ ಇತ್ತು, ಜನ ಸೇರಲಿಲ್ಲ. ಮೂರು ಗಂಟೆಗೆ ಸಾಹುಕಾರರು ಭೋಂಗಾ ಊದಿಸಿಬಿಟ್ಟರು.

ಬೆಂಕಿ ಬಿತ್ತೇನೋ ಎಂದು ಅರ್ಧ ಸಂತೆ ಓಡಿಬಂತು. "ಇಡೀ ಗಿರಣಿ ನಮ್ಮ ಬೀಗರ ಬೆನ್ನಿಗೈತಿ" ಎಂದು ಸಾಹುಕಾರರು ಭಾಷಣ ಮಾಡಿದರು. ಅಷ್ಟರಲ್ಲಿ ನಮ್ಮ ಹದಿನೇಳು ಹೆಂಗಸರು ಮೊರ ಇಟ್ಟು ಮನೆಗೆ ಹೊರಟಿದ್ದರು. ನಾನು ಎಲ್ಲರಿಗೂ ಪೂರ್ತಿ ದಿನ ಬರೆದೆ.

ಮರುದಿನ ಸಾಹುಕಾರರು ಹಾಜರಿ ನೋಡಿ ಕೆಂಡವಾದರು. "ಮೂರಕ್ಕ ಎದ್ದು ಹ್ವಾದವರಿಗೆ ಪೂರಾ ಕೂಲಿ? ಅರ್ಧ ಅಂತ ತಿದ್ದು. ಇಲ್ಲಾಂದ್ರ ನೀನೂ ಮನಿಗೆ ನಡಿ."

ಹೆಂಗಸರಲ್ಲಿ ಹಿರಿಯಳು ಮೊರ ಬಿಡದೆಯೇ ಹೇಳಿದಳು: "ಎರಡನೇ ಕೂಗು ಆತು, ಎದ್ವಿ. ಇಡೀ ಗಿರಣಿ ಅಂದ್ರಂತಲ್ರಿ ಧಣ್ಯಾರ, ನಮ್ಮನ್ನ ಯಾವಾಗ ಕೇಳಿದ್ರಿ?"

"ಓಟಿಲ್ಲದಾಕೀನ ಏನ್ ಕೇಳೂದು?"

"ಭೋಂಗಾಕ್ಕರ ಓಟು ಐತೇನ್ರಿ?"

ಹೆಂಗಸರೆಲ್ಲ ಸೆರಗಿನಲ್ಲಿ ನಕ್ಕರು. ನಾನು ತಿದ್ದಲಿಲ್ಲ.

ಅದೇ ವಾರ ಸಾಹೇಬರು ಬಂದರು. ಅವರ ಮುಂದೆ ನನ್ನ ಡೈರಿ ಇಟ್ಟೆ.

"ಎಷ್ಟು ದಿನದ್ದು ಬರದೀಯಪಾ?"

"ಇನ್ನೂರಾ ಹನ್ನೊಂದು ದಿನದ್ದುರಿ."

"ಇಷ್ಟರಾಗ ಎರಡನೇ ಕೂಗು ಆದಮ್ಯಾಲೆ ಯಾರರ ಕುಂತಾರೇನು?"

"ಒಂದ ದಿನಾನೂ ಇಲ್ರಿ."

ಸಾಹೇಬರು ಎದುರಿಗಿದ್ದ ಸಾಹುಕಾರರ ಕಡೆ ತಿರುಗಿದರು. "ಸಾಹುಕಾರ್ರ, ಆ ಭೋಂಗಾದಾಗ ನಂದೂ ಅರ್ಧ ಪಾಲೈತಿ. ನಾ ನಿಮ್ಮ ಬೀಗರಿಗೆ ಹೂಂ ಅಂದಿಲ್ಲ. ನಿಮ್ಮ ಮಾತು ನಿಮ್ಮ ಬಾಯಿಲೆ ಆಡ್ರಿ, ಯಾರು ಬ್ಯಾಡಂತಾರ? ಭೋಂಗಾ ಕೆಲಸಕ್ಕಿರಲಿ. ಆ ಅರ್ಧ ದಿನದ ಕೂಲಿ ನಿಮ್ಮ ಪಾಲಿನಾಗ ಹಿಡೀರಿ."

ಸಾಹುಕಾರರು ಹಾಜರಿ ಪುಸ್ತಕ ತಮ್ಮತ್ತ ಎಳೆದುಕೊಂಡರು. "ಆತು ಬಿಡ್ರಿ" ಎಂದು ಸಹಿ ಹಾಕಿ, ನನ್ನತ್ತ ನೋಡಿ, "ಇದನ್ನೂ ಬರ್ಕೊ ನಿನ್ನ ಡೈರ್ಯಾಗ" ಎಂದರು.

ಮುಂದಿನ ಸಂತೆಗೆ ಅವರು ಸಭೆಯನ್ನು ಆರರ ನಂತರ ಇಟ್ಟುಕೊಂಡರು. ಚಕ್ಕಡಿ ಹತ್ತಿ ತಾವೇ ಕೂಗಿ ಜನರನ್ನು ಕರೆದರು. ಎಣಿಸಿದೆ: ನಲವತ್ತೆರಡು ಮಂದಿ, ಅದರಲ್ಲಿ ನಮ್ಮ ಹೆಂಗಸರು ಒಂಬತ್ತು. ಹಿರಿಯಳು ಎಲ್ಲರಿಗಿಂತ ಮುಂದೆ ಕುಳಿತಿದ್ದಳು.

"ದನಿ ಏರಸ್ರಿ ಧಣ್ಯಾರ, ಕೇಳವಲ್ದು!"

ಸಾಹುಕಾರರು ನಕ್ಕು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದರು. ಆ ದಿನದ ಡೈರಿಯಲ್ಲಿದೆ: ಕೂಗು ಎರಡು, ಹಾಜರಿ ಹದಿನೇಳು, ಎಲ್ಲರಿಗೂ ಪೂರ್ತಿ ದಿನ.