ಎಲೆ ಬಾಡದ ಕೋಣೆಗೆ ಹಯಾತ ಕೊಟ್ಟ ಮಾತು

ಒಂದಾನೊಂದು ಊರಿನಲ್ಲಿ ಥಂಡಿ ಮಾರುವವನೊಬ್ಬ ಇದ್ದನಂತೆ. ಬಿಸಿಲೇರಿದ ಊರುಗಳನ್ನೆಲ್ಲ ಅವನು ಸುತ್ತುವನಂತೆ. ಯಾರ ಹೊಸ್ತಿಲಲ್ಲಿ ನಿಂತು ಚೀಲ ಬಿಚ್ಚುತ್ತಾನೋ ಆ ಮನೆಯೊಳಗೆ ಮಾಘಮಾಸ ಬಂದು ಕಾಲು ಚಾಚಿ ಕೂರುವುದಂತೆ. ಇಷ್ಟನ್ನು ಯಾವ ಅಜ್ಜಿ ಹೇಳಿದರೂ ಮಕ್ಕಳು ಹೂಂಗುಟ್ಟುತ್ತ ನಂಬಿಯಾರು. ಅಂಥವನಿಗೂ ಒಂದು ದಿನ ಲೈಸೆನ್ಸಿನವರ ಸಹಿ ಬೇಕಾಯಿತು ಎಂದರೆ ಮಾತ್ರ ನಗುತ್ತಾರೆ.

ನಗುವಂತಿಲ್ಲ. ಅವನ ಹೆಸರು ಹಯಾತ. ಊರು ಸವಣೂರು. ಬೆಳಕು ಈಗಷ್ಟೇ ಹರಿಯುತ್ತಿದೆ. ಊರಾಚೆ ಅನ್ನವ್ವನ ಎಲೆತೋಟದ ಅಂಚಿನಲ್ಲಿ, ಹೊಸದಾಗಿ ಎದ್ದ ಪುಟ್ಟ ಕೋಣೆಯ ಹಿಂದೆ, ಅವನು ಹಾರೆ ಹಿಡಿದು ಗುಂಡಿ ತೋಡುತ್ತಿದ್ದಾನೆ. ಇದು ಎರಡನೆಯ ಗುಂಡಿ. ಮೊದಲನೆಯದು ನಪಾಸಾಗಿದೆ.

"ಗಾಳಿ ತಣ್ಣಗ ಮಾಡೋ ಅಂದ್ರ ಬಾವಿ ತೋಡಾಕತ್ತಿಯಲ್ಲೋ ತಮ್ಮಾ," ಎನ್ನುತ್ತಾಳೆ ಅನ್ನವ್ವ, ವೀಳ್ಯದೆಲೆಯ ಕಟ್ಟು ಕಟ್ಟುತ್ತಲೇ.

"ಬಾವಿ ಅಲ್ರಿ ಅವ್ವಾರ, ಅರ್ಥಿಂಗ್. ಕರೆಂಟಿಗೆ ಸಿಟ್ಟು ಬಂದ್ರ ಓಡಿಹೋಗಾಕ ಒಂದು ದಾರಿ ಬೇಕಲ್ರಿ."

"ನನ್ನ ಸಿಟ್ಟಿಗೆ ಎಲ್ಲಿ ತೋಡ್ತಿ?"

ಹಯಾತ ನಗುತ್ತ ಮತ್ತೆ ಹಾರೆ ಎತ್ತುತ್ತಾನೆ. ಆ ಸಿಟ್ಟಿಗೆ ಕಾರಣವಿದೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ ಕೆಲಸ ಕಲಿತವನು ಅವನು. ಈಗ ಮೊಪೆಡ್ಡಿನ ಹಿಂದೆ ಫ್ರಿಜ್ಜಿಗೆ ತುಂಬುವ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ನಾಲ್ಕು ತಾಲೂಕು ಸುತ್ತುತ್ತಾನೆ. ಹಾನಗಲ್ಲಿನ ಖಾನಾವಳಿಗಳ ಫ್ರಿಜ್, ಶಿಗ್ಗಾಂವಿಯ ಮದುವೆ ಹಾಲಿನ ಏಸಿ, ಹಿರೇಕೆರೂರಿನ ದವಾಖಾನೆಗಳ ಮಾಳಿಗೆ ಮೇಲಿನ ಸೋಲಾರ್ ಬಿಸಿನೀರಿನ ಟಾಕಿ, ಎಲ್ಲಕ್ಕೂ ಅವನದೇ ಕೈ. ಬೇಸಿಗೆಯಲ್ಲಿ ಉಣ್ಣಲು ಪುರುಸೊತ್ತಿಲ್ಲ. ಮಳೆ ಬಿದ್ದರೆ ಫೋನು ಸುಮ್ಮನಾಗುತ್ತದೆ.

"ಹೊಸಾ ಏಸಿ ಈಗ ಮಂದಿ ಮೊಬೈಲದಾಗ ತರಸ್ತಾರ್ರಿ. ಕೂಡಿಸಾಕ ಕಂಪನಿಯವರ ಬರ್ತಾರ, ಫೋಟೋ ಹೊಡಕೊಂಡು ಹೊಕ್ಕಾರ. ನೀರು ಸೋರಾಕತ್ತಿದ ಮ್ಯಾಲೆ ಹಯಾತನ ನೆಪ್ಪಾಗತೈತಿ," ಎನ್ನುತ್ತಾನೆ. ದೂರಿಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಾನೆ.

ಅನ್ನವ್ವನ ಕಥೆ ಬೇರೆ. ಕೊಯ್ದ ಎಲೆ ಬೇಸಿಗೆಯಲ್ಲಿ ಸಂಜೆಯವರೆಗೆ ತಾಳುವುದಿಲ್ಲ. ಇದು ಕೊಳ್ಳುವ ದಲ್ಲಾಳಿಗೂ ಗೊತ್ತು. ಅವನು ಬೇಕೆಂದೇ ತಡವಾಗಿ ಬರುತ್ತಾನೆ, ಬಾಡುವ ಎಲೆ ಮುಂದಿಟ್ಟುಕೊಂಡು ಕೂತವಳು ಅವನು ಹೇಳಿದ್ದಕ್ಕೆ ತಲೆಯಾಡಿಸುತ್ತಾಳೆ. "ಒಂದ ಒಂದು ದಿನ ಎಲಿ ಕಾಯೂವಂಗ ಮಾಡಿಕೊಡು, ಅವನ್ನ ನಾ ಕಾಯಸ್ತೇನಿ," ಎಂದು ಹಯಾತನನ್ನು ಕೇಳಿದ್ದಳು. ಅವನು ಮಾತು ಕೊಟ್ಟ.

ಹೋದ ವರ್ಷ ಐಸ್‌ಕ್ರೀಮ್ ಅಂಗಡಿಯೊಂದರ ಹಳೆಯ ಯಂತ್ರ ತಂದು ಅವಳ ಹಿತ್ತಿಲ ಕೋಣೆಗೆ ಜೋಡಿಸಿದ. ನಮ್ಮ ಕಡೆ ಫ್ರಿಜ್ ರಿಪೇರಿಯಾಯಿತೆಂದು ಗಿರಾಕಿ ಒಪ್ಪುವುದು ಒಳಗೆ ಐಸು ಕಂಡಾಗ. ಹಯಾತನ ಕೈಗೆ ಅದೇ ರೂಢಿ. ಥಂಡಿಯ ಮುಳ್ಳು ಪೂರ್ತಿ ತಿರುಗಿಸಿ ಹೆಮ್ಮೆಯಿಂದ ಮನೆಗೆ ಹೋದ. ಬೆಳಗಾಗುವುದರೊಳಗೆ ಬುಟ್ಟಿ ಬುಟ್ಟಿ ಎಲೆ, ಬೆಂಕಿಗೆ ಹಿಡಿದಂತೆ, ಕಪ್ಪಾಗಿತ್ತು.

"ಎಲಿ ಅಂದ್ರ ಸೋಡಾ ಬಾಟ್ಲಿ ಅಲ್ಲೋ!" ಎಂದು ಅವಳು ಕೂಗಿದ್ದು ಓಣಿಗೆಲ್ಲ ಕೇಳಿಸಿತ್ತು. ಬೇರೆಯವನಾಗಿದ್ದರೆ ಆ ದಾರಿಯನ್ನೇ ಬಿಡುತ್ತಿದ್ದ. ಹಯಾತ ಮರುದಿನವೇ ಬಂದು ಕಟ್ಟೆಯ ಮೇಲೆ ಕೂತ. "ಹಂಗಾರ ಎಷ್ಟು ತಂಪು ಬೇಕು, ನೀವ ಹೇಳ್ರಿ." ಅವಳು ಅವನ ಕೈ ಹಿಡಿದು, ಹಸಿ ಗೋಣಿತಟ್ಟು ಹೊದಿಸಿದ ಬುಟ್ಟಿಯೊಳಗೆ ತೂರಿಸಿದಳು. "ಇಷ್ಟು."

ಆ ಇಷ್ಟನ್ನು ಹಿಡಿಯಲು ವರ್ಷ ಹಿಡಿದಿದೆ. ತೋಟದ ಅಂಚಿಗೇ ಹೊಸ ಕೋಣೆ, ನಿಧಾನ ತಿರುಗುವ ಫ್ಯಾನು, ಗೋಡೆಗುಂಟ ಒದ್ದೆ ಗೋಣಿತಟ್ಟು. ಎಲ್ಲ ಸಿದ್ಧವಾದಾಗ ಕರೆಂಟಿನ ಪ್ರಶ್ನೆ ಬಂತು.

"ಪುರಸಭೆ ಪರವಾನಗಿ ಐತ್ರಿ ನನ್ನ ಕಡೆ. ಅದು ಅಂಗಡಿ ಬಾಗಲಾ ತೆಗಿಯಾಕ ಅಷ್ಟ. ಹೊಸಾ ಮೀಟರ್ ಬೇಕಂದ್ರ ಲೈಸೆನ್ಸ್ ಇದ್ದ ಗುತ್ತಿಗೆದಾರ್ರು ವೈರಿಂಗ್ ನೋಡಿ ಸಹಿ ಹಾಕಬೇಕು. ಗ್ಯಾಸ್ ತುಂಬಾಕ ಇವತ್ತಿನ ತನಕ ನನ್ನ ಯಾರೂ ಏನೂ ಕೇಳಿಲ್ಲ. ತಂತಿ ಮುಟ್ಟಿದ್ರ ಕೇಳ್ತಾರ. ಬರೋಬರಿ ಐತಿ ಬಿಡ್ರಿ, ಜೀವದ ಮಾತು," ಎನ್ನುತ್ತಾನೆ ಹಯಾತ. ವೈರ್‌ಮನ್ ಪರೀಕ್ಷೆಗೆ ತಾನೂ ಕೂರಬೇಕೆಂಬ ಆಸೆ ಅವನಿಗಿದೆ. "ಪುಸ್ತಕ ತಗದ್ರ ನಿದ್ದಿ ಬರ್ತೈತಿ, ಅದೊಂದ ತ್ರಾಸು."

ಲೈಸೆನ್ಸ್ ಇರುವ ರುದ್ರೇಶ ಶಿಗ್ಗಾಂವಿಯವನು, ಹಯಾತನಿಗೆ ಹಳೆಯ ಪರಿಚಯ. "ಕಾಗದ ತಗೊಂಡ ಬಾರೋ, ಚಹಾ ಆರೂದ್ರಾಗ ಸಹಿ ಹಾಕಿ ಕೊಡ್ತೇನಿ," ಎಂದ. ಈ ಕಸುಬಿನಲ್ಲಿ ಅದು ಹೊಸತಲ್ಲ. ಹಯಾತ ಒಪ್ಪಲಿಲ್ಲ. "ಬಂದು ನೋಡ್ರಿ ಅಣ್ಣಾರ. ಒಂದು ಸಲ ಅವ್ವಾರ ಎಲಿ ಸುಟ್ಟೇನಿ. ಈ ಸಲ ಕೈ ಸುಟ್ರ?"

ರುದ್ರೇಶ ಗೊಣಗುತ್ತ ಬಂದ. ತಂತಿ ನೋಡಿದ, ಸ್ವಿಚ್ಚು ನೋಡಿದ, ಕೈಮೀಟರ್ ಹಚ್ಚಿ ಅರ್ಥಿಂಗ್ ಅಳೆದ, ಆಗದೆಂದು ತಲೆಯಾಡಿಸಿದ. "ಒಣ ಮಣ್ಣಾಗ ಹುಗದೀಯಲ್ಲೋ, ಇದು ನಡಿಯೂದುಲ್ಲ. ಕಾಲುವಿ ಕಡೆ ಹಸಿ ನೆಲದಾಗ ತೋಡು. ಕರದಾಂವ ನೀನ, ಈಗ ಅನುಭವಿಸು!"

ಅದಕ್ಕೇ ಈ ಎರಡನೆಯ ಗುಂಡಿ. ಇದ್ದಿಲು, ಉಪ್ಪು ತುಂಬಿ, ಮಣ್ಣು ಮುಚ್ಚಿ, ಹಯಾತ ಮೇಲೆ ನಿಂತು ತುಳಿಯುತ್ತಾನೆ. ರುದ್ರೇಶ ಮತ್ತೆ ಬರುತ್ತಾನೆ, ಈ ಸಲ ಸಹಿ ಹಾಕುತ್ತಾನೆ. ಕೆಲವು ದಿನಗಳಲ್ಲಿ ಕಂಬದಿಂದ ತಂತಿ ಇಳಿಯುತ್ತದೆ. ಆ ಮಧ್ಯಾಹ್ನ ಕೊಯ್ದ ಎಲೆಯನ್ನೆಲ್ಲ ಅನ್ನವ್ವ ತಾನೇ ಒಳಗಿಡುತ್ತಾಳೆ. ದಲ್ಲಾಳಿ ಸಂಜೆ ಬಂದಾಗ "ನಾಳೆ ಬರ್ರಿ" ಎಂದು ಕಳಿಸುತ್ತಾಳೆ. ಹೇಳಿದ ಮೇಲೆ ಕೋಣೆಯ ಬಾಗಿಲು ಸರಿಯಾಗಿ ಹಾಕಿದೆಯೋ ಎಂದು ಎರಡೆರಡು ಸಲ ಹೋಗಿ ನೋಡುತ್ತಾಳೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವಾಗ ಹಯಾತ ಹೊರಗೇ ನಿಲ್ಲುತ್ತಾನೆ. ಒಳಗೆ ಬರಲು ಅವನಿಗೆ ಧೈರ್ಯ ಸಾಲದು. ಏನಾಗುತ್ತದೋ ನೋಡಲೆಂದು ಬಂದ ರುದ್ರೇಶ ಬಾಗಿಲಿಗೆ ಒರಗಿ ಇಣುಕುತ್ತಾನೆ. ಅನ್ನವ್ವ ಬುಟ್ಟಿಯ ನಡುವಿಗೆ ಕೈ ಹಾಕಿ ಒಂದು ಎಲೆ ಎಳೆಯುತ್ತಾಳೆ, ತಿರುವಿ ನೋಡುತ್ತಾಳೆ, ತೊಟ್ಟು ಮುರಿಯುತ್ತಾಳೆ. ಪಟ್ಟೆಂದು ಸದ್ದು. ಇನ್ನೊಂದು ಬುಟ್ಟಿ. ಮತ್ತೊಂದು. ಎಲ್ಲೂ ಕಪ್ಪಿಲ್ಲ.

"ಏನಾತ್ರಿ ಅವ್ವಾರ?" ತಡೆಯಲಾರದೆ ಹೊರಗಿನಿಂದ ಹಯಾತ ಕೇಳುತ್ತಾನೆ.

"ಆಗೂದೇನು!" ಅನ್ನವ್ವ ರುದ್ರೇಶನ ಕಡೆ ತಿರುಗಿ ಗದರುತ್ತಾಳೆ. "ಮೊದ್ಲ ಆ ಬಾಗಲಾ ಹಾಕ್ರಿ. ನಮ್ಮ ಹುಡುಗ ಮಾಡಿದ ಥಂಡಿ ಹೊರಗ ಹೊಂಟೈತಿ."